ಮನೆಮಂದಿಗೆಲ್ಲ ಒಂದು ಹೆಡ್‌ಸೆಟ್

2025ರ ಅಕ್ಟೋಬರ್, ನವೆಂಬರ್‌ನಲ್ಲಿ ಮೂರು ಕಂಪನಿಗಳು ಒಂದರ ಹಿಂದೊಂದು ವಿಆರ್ ಹೆಡ್‌ಸೆಟ್ ಮುಂದಿಟ್ಟವು. ಆಪಲ್ ತನ್ನ ವಿಷನ್ ಪ್ರೊಗೆ ಎಂ5 ಚಿಪ್ ಹಾಕಿತು. ಸ್ಯಾಮ್‌ಸಂಗ್ ಗೂಗಲ್ ಜೊತೆ ಸೇರಿ ಗ್ಯಾಲಕ್ಸಿ ಎಕ್ಸ್‌ಆರ್ ತಂದಿತು. ನವೆಂಬರ್ 12ರಂದು ವಾಲ್ವ್ ಕಂಪನಿ ಸ್ಟೀಮ್ ಫ್ರೇಮ್ ಅನ್ನು ಘೋಷಿಸಿತು. ಮೂರರಲ್ಲಿ ಒಂದನ್ನೂ ಆ ಕಂಪನಿಗಳು ಭಾರತದಲ್ಲಿ ಮಾರಾಟಕ್ಕೆ ಬಿಡಲಿಲ್ಲ. ಹಾಗಾಗಿ ಬೆಂಗಳೂರಿನ ಜಯನಗರ, ಜೆ.ಪಿ. ನಗರದವರ ಪಾಲಿಗೆ ಇವೆಲ್ಲ ಇನ್ನೂ ಬರಬೇಕಾದ ಹೆಡ್‌ಸೆಟ್‌ಗಳೇ. ಹೋಲಿಕೆಗೆ ಆಧಾರವಾಗಿ ನಾನು ಇಟ್ಟುಕೊಂಡಿರುವುದು 2023ರ ಮೆಟಾ ಕ್ವೆಸ್ಟ್ 3 ಅನ್ನು. ನಮ್ಮ ಮನೆಯಲ್ಲಿ ದಿನಾ ಬಳಕೆಯಲ್ಲಿರುವುದು ಅದು. ಫ್ರೇಮ್ ಬಗ್ಗೆ ಹೇಳುವುದೆಲ್ಲ ವಾಲ್ವ್ ಪ್ರಕಟಿಸಿದ ವಿವರಗಳ ಮೇಲೆ ನಿಂತದ್ದು.

ಹೆಡ್‌ಸೆಟ್‌ಗಳ ವಿಮರ್ಶೆ ಅಂದರೆ ಸಾಮಾನ್ಯವಾಗಿ ಪಿಕ್ಸೆಲ್ ಎಷ್ಟು, ಚಿಪ್ ಯಾವುದು ಎಂಬಲ್ಲಿಂದ ಶುರುವಾಗಿ ಅಲ್ಲೇ ಮುಗಿಯುತ್ತದೆ. ಅವನ್ನು ಬರೆಯುವವರು ಒಂಟಿಯಾಗಿ, ದೊಡ್ಡ ಖಾಲಿ ಕೋಣೆಯಲ್ಲಿ ನಿಂತು ಆಡುವವರು. ನಮ್ಮ ಕಡೆಯ ಮನೆಗಳು ಹಾಗಿಲ್ಲ. ಮೂವತ್ತು–ನಲವತ್ತರ ಸೈಟು, ಬಿಟಿಎಂ ಲೇಔಟ್ ಕಡೆ ಹೋದರೆ ಇಪ್ಪತ್ತು–ಮೂವತ್ತರದ್ದು. ಹಾಲಿನಲ್ಲಿ ಸೋಫಾ, ಟೀಪಾಯಿ, ಟಿ.ವಿ. ಸ್ಟ್ಯಾಂಡು, ಮೂಲೆಯಲ್ಲಿ ಮಡಚಿಟ್ಟ ಇಸ್ತ್ರಿ ಮೇಜು. ನಿಂತು ಆಡಲು ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ ಬೇಕು. ಅಷ್ಟು ಜಾಗ ಸಿಗಬೇಕಾದರೆ ಟೀಪಾಯಿ ಗೋಡೆಗೆ ಸರಿಯಲೇಬೇಕು. ಮನೆಗೆ ಬಂದ ಹೆಡ್‌ಸೆಟ್ ಒಬ್ಬರದಾಗಿ ಉಳಿಯುವುದೂ ಇಲ್ಲ. ಮಗಳು ಆಡುತ್ತಾಳೆ, ಹೆಂಡತಿ ವ್ಯಾಯಾಮಕ್ಕೆ ಬಳಸುತ್ತಾಳೆ, ಅಮ್ಮ ಕೇದಾರನಾಥದ 360 ಡಿಗ್ರಿ ವಿಡಿಯೊ ನೋಡುತ್ತಾಳೆ. ಆದ್ದರಿಂದ ನನ್ನ ಪ್ರಶ್ನೆಗಳು ಎರಡೇ. ಇದು ಮನೆಯ ಎಲ್ಲರ ತಲೆಗೂ ಕೂರುತ್ತದೆಯೇ? ನಾನು ಕೊಂಡದ್ದನ್ನು, ನಾನು ಮಾಡಿದ್ದನ್ನು ಇದರಲ್ಲಿ ನೋಡಲು ಯಾರ ಅಪ್ಪಣೆ ಬೇಕು?

ಮೊದಲ ಪ್ರಶ್ನೆಯಲ್ಲಿ ಆಪಲ್ ಸೋತೇಬಿಡುತ್ತದೆ. ಎಂ5 ವಿಷನ್ ಪ್ರೊ 750 ಗ್ರಾಂಗೂ ಮೇಲೆ ತೂಗುತ್ತದೆ. ಮುಖಕ್ಕೆ ಒತ್ತುವ ಮೆತ್ತೆಯನ್ನು ಒಬ್ಬೊಬ್ಬರ ಮುಖದ ಅಳತೆಗೆ ಆರಿಸಬೇಕು. ಕನ್ನಡಕ ಹಾಕಿಕೊಂಡು ಧರಿಸುವಂತಿಲ್ಲ, ಪವರ್ ಇರುವ ಝೈಸ್ ಲೆನ್ಸ್‌ಗೆ ಬೇರೆಯೇ 149 ಡಾಲರ್. ನಾಲ್ಕು ಜನರೂ ಕನ್ನಡಕ ಹಾಕುವ ಮನೆಯಲ್ಲಿ ಅದು ನಾಲ್ಕು ಜೊತೆ ಲೆನ್ಸು. ಹೆಡ್‌ಸೆಟ್‌ಗೇ 3,499 ಡಾಲರ್ ಕೊಟ್ಟ ಮೇಲೆ ಇದು ಬೇರೆ. ಚಿತ್ರದ ಗುಣಮಟ್ಟದಲ್ಲಿ ಅದಕ್ಕೆ ಸಾಟಿ ಕಡಿಮೆ, ಒಪ್ಪುತ್ತೇನೆ. ಆದರೆ ಅದು ಒಬ್ಬರಿಗಾಗಿ ಹೊಲಿಸಿದ ವಸ್ತು.

ಗ್ಯಾಲಕ್ಸಿ ಎಕ್ಸ್‌ಆರ್ 545 ಗ್ರಾಂ. ನೆತ್ತಿಯ ಮೇಲೆ ಪಟ್ಟಿ ಇಲ್ಲ; ಹಣೆಗೊಂದು ಮೆತ್ತೆ, ತಲೆಯ ಹಿಂದೆ ತಿರುಗಿಸಿ ಬಿಗಿ ಮಾಡುವ ಗುಂಡಿ. ಭಾರವೆಲ್ಲ ಬೀಳುವುದು ಹಣೆಯ ಮೇಲೆ. ಕುಂಕುಮ ಇಡುವ, ವಿಭೂತಿ ಹಚ್ಚುವ ಮನೆಗಳಲ್ಲಿ ಆ ಮೆತ್ತೆ ವಾರದೊಳಗೆ ಬಣ್ಣ ಹಿಡಿಯುತ್ತದೆ. ಒರೆಸಿದರೆ ಶುಚಿಯಾಗುವ ವಸ್ತುವಿನಲ್ಲಿ ಮೆತ್ತೆಯನ್ನು ಮಾಡಬೇಕೆಂಬುದು ಇಲ್ಲಿ ಸೌಂದರ್ಯದ ಮಾತಾಗಿ ಉಳಿಯುವುದಿಲ್ಲ, ಶುಚಿಯ ಮಾತಾಗುತ್ತದೆ. ಬ್ಯಾಟರಿ ಬೇರೆ. ಸುಮಾರು 300 ಗ್ರಾಂನ ಆ ಇಟ್ಟಿಗೆ ವೈರಿನ ತುದಿಯಲ್ಲಿ ತೂಗುತ್ತದೆ, ಅದನ್ನು ಜೇಬಿಗೆ ಹಾಕಿಕೊಳ್ಳಬೇಕು. ಆಪಲ್‌ನದೂ ಹೀಗೇ. ಸೀರೆಗೆ ಜೇಬಿಲ್ಲ, ಹೆಚ್ಚಿನ ಚೂಡಿದಾರಗಳಿಗೂ ಇಲ್ಲ. ಅಮ್ಮನಂಥವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ನೋಡಬೇಕು. ಎದ್ದರೆ ವೈರು ಎಳೆಯುತ್ತದೆ. ಲಕ್ಷಾಂತರ ರೂಪಾಯಿಯ ವಸ್ತುವನ್ನು ವಿನ್ಯಾಸ ಮಾಡುವಾಗ ಯಾರ ಬಟ್ಟೆ ಅವರ ಕಣ್ಣ ಮುಂದಿತ್ತು ಎಂಬುದು ಇದರಿಂದಲೇ ತಿಳಿಯುತ್ತದೆ.

ಸ್ಟೀಮ್ ಫ್ರೇಮ್ ನನಗೆ ಮೊದಲ ನೋಟಕ್ಕೇ ಹಿಡಿಸಿದ್ದು ಇಲ್ಲಿ. ಒಟ್ಟು 440 ಗ್ರಾಂ. ಅದರಲ್ಲಿ ಮುಖದ ಮುಂದಿನ ಮುಖ್ಯ ಭಾಗ 185 ಗ್ರಾಂ ಮಾತ್ರ. ಬ್ಯಾಟರಿ ತಲೆಯ ಹಿಂದಿನ ಪಟ್ಟಿಯಲ್ಲಿದೆ. ಮುಂದಿನ ಭಾರಕ್ಕೆ ಹಿಂದಿನ ಭಾರ ಸರಿದೂಗಿದಾಗ ಕೆನ್ನೆ, ಮೂಗಿನ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ಕ್ವೆಸ್ಟ್ 3ರಲ್ಲಿ ಬ್ಯಾಟರಿಯೂ ಮುಂದೆಯೇ ಇದೆ, ಅರ್ಧ ಗಂಟೆಗೆ ಕೆನ್ನೆ ಮೇಲೆ ಗೆರೆ ಬೀಳುತ್ತದೆ. ಆದರೂ ಒಂದು ತಕರಾರಿದೆ. ಕ್ವೆಸ್ಟ್‌ನ ಮೆತ್ತನೆ ಪಟ್ಟಿ ಹಿಂದೆ ಕವಲೊಡೆಯುತ್ತದೆ, ನಡುವಿನ ಸಂದಿಯಲ್ಲಿ ಜಡೆ ಹೊರಗೆ ಬರುತ್ತದೆ. ಫ್ರೇಮ್‌ನಲ್ಲಿ ಅದೇ ಜಾಗದಲ್ಲಿ ಗಟ್ಟಿ ಬ್ಯಾಟರಿ ಕೂತಿದೆ. ತುರುಬು ಕಟ್ಟಿದವರು ಅದನ್ನು ಬಿಚ್ಚಬೇಕು ಅಥವಾ ಪಟ್ಟಿಯನ್ನು ಮೇಲಕ್ಕೋ ಕೆಳಕ್ಕೋ ಸರಿಸಬೇಕು. ಸೋಫಾಕ್ಕೆ ಒರಗಿ ಸಿನಿಮಾ ನೋಡುವವರಿಗೂ ಅದು ಅಡ್ಡ.

ಇದಕ್ಕಿಂತ ದೊಡ್ಡ ತಕರಾರು ಕಣ್ಣಿನದು. ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರ ಒಬ್ಬೊಬ್ಬರದು ಒಂದೊಂದು. ಹೆಡ್‌ಸೆಟ್‌ನ ಎರಡು ಲೆನ್ಸುಗಳು ಆ ಅಂತರಕ್ಕೆ ಹೊಂದದಿದ್ದರೆ ಚಿತ್ರ ಮಸುಕಾಗುತ್ತದೆ, ಕಣ್ಣು ನೋಯುತ್ತದೆ, ವಸ್ತುಗಳ ಗಾತ್ರದ ಅಂದಾಜೂ ತಪ್ಪುತ್ತದೆ. ಜಯನಗರ 4ನೇ ಬ್ಲಾಕಿನ ಕನ್ನಡಕದ ಅಂಗಡಿಗಳಲ್ಲಿ ಇದಕ್ಕೆ ಪಿ.ಡಿ. ಅನ್ನುತ್ತಾರೆ. ಅಮ್ಮನ ಹೊಸ ಕನ್ನಡಕಕ್ಕೆಂದು ಹೋದಾಗ ಅಂಗಡಿಯ ಹುಡುಗ ಎದುರು ಸ್ಟೂಲಿನಲ್ಲಿ ಕೂತು, ಪುಟ್ಟ ಪ್ಲಾಸ್ಟಿಕ್ ಸ್ಕೇಲನ್ನು ಅವಳ ಮೂಗಿನ ಮೇಲೆ ಅಡ್ಡ ಹಿಡಿದು, “ಅಮ್ಮ, ನನ್ನ ಎಡಗಣ್ಣು ನೋಡಿ… ಈಗ ಬಲಗಣ್ಣು ನೋಡಿ” ಅಂದ. ಸ್ಕೇಲು ಅಲುಗದಂತೆ ಹೆಬ್ಬೆರಳನ್ನು ಅವಳ ಹಣೆಗೆ ಊರಿದ್ದ. ಚೀಟಿಯ ಮೂಲೆಯಲ್ಲಿ 58 ಎಂದು ಬರೆದ. ನನ್ನದು 64. ಕ್ವೆಸ್ಟ್ 3ರ ಕೆಳಗಿನ ಪುಟ್ಟ ಚಕ್ರ ಲೆನ್ಸಿನ ಅಂತರವನ್ನು 58ರಿಂದ 71 ಮಿಲಿಮೀಟರ್‌ವರೆಗೆ ಬದಲಿಸುತ್ತದೆ, ತಿರುಗಿಸುವಾಗ ಅಂಕಿ ಕಣ್ಣೆದುರೇ ಮೂಡುತ್ತದೆ. ನಾನು ತೆಗೆದುಕೊಟ್ಟ ತಕ್ಷಣ ಅಮ್ಮ ಅದನ್ನು 58ಕ್ಕೆ ತಂದುಕೊಳ್ಳುತ್ತಾಳೆ, ಕನ್ನಡಕ ಹಾಕಿಕೊಂಡೇ ನೋಡುತ್ತಾಳೆ. ಫ್ರೇಮ್ ಕನ್ನಡಕಕ್ಕೆ ಜಾಗ ಕೊಟ್ಟಿದೆ, 140 ಮಿಲಿಮೀಟರ್ ಅಗಲದವರೆಗೆ. ಆದರೆ ಲೆನ್ಸಿನ ಅಂತರ 60ರಿಂದ 70 ಅಷ್ಟೇ. 60ಕ್ಕಿಂತ ಕಡಿಮೆ ಇರುವ ಹೆಂಗಸರು ಎಷ್ಟೋ ಮಂದಿ, ಬೆಳೆಯುವ ಮಕ್ಕಳಂತೂ ಸರಿಯೇ. ವಾಲ್ವ್ ಎಚ್ಚರದಿಂದ ಮಾಡಿದ ಹೆಡ್‌ಸೆಟ್‌ನಲ್ಲಿ ನಿಜಕ್ಕೂ ಬೇಸರ ತರಿಸುವ ಕೊರತೆ ಇದು.

ಸುತ್ತಲಿನ ಕೋಣೆಯನ್ನು ಕ್ಯಾಮೆರಾ ಮೂಲಕ ತೋರಿಸುವ ಸೌಲಭ್ಯ ಉಳಿದ ಮೂರರಲ್ಲೂ ಬಣ್ಣದಲ್ಲಿದೆ. ಫ್ರೇಮ್‌ನಲ್ಲಿ ಕಪ್ಪು–ಬಿಳುಪು. ಮಗು ಎದುರು ಬಂತೇ, ಟೀಪಾಯಿ ಕಾಲಿಗೆ ತಾಗೀತೇ ಎಂದು ನೋಡಲು ಅಷ್ಟು ಸಾಕು. ಹಾಲಿನ ಗೋಡೆಯ ಮೇಲೆ ಕಾಲ್ಪನಿಕ ಚಿತ್ರ ತೂಗುಹಾಕಿ ನೋಡುವ ಆಸೆ ಇರುವವರು ಫ್ರೇಮ್ ಕಡೆ ಬರಬೇಕಾಗಿಲ್ಲ.

ಇನ್ನು ಚಿತ್ರದ ಸ್ಪಷ್ಟತೆ. ಇದನ್ನು ಅಳೆಯಲು ನನ್ನ ಮನಸ್ಸಿನಲ್ಲಿರುವ ಪರೀಕ್ಷೆ ಬೇಗೂರಿನ ಶಾಸನ. ಬಿಟಿಎಂನಿಂದ ಹೊಸೂರು ರಸ್ತೆ ಹಿಡಿದು ಬೊಮ್ಮನಹಳ್ಳಿ ದಾಟಿದರೆ ಬೇಗೂರು. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ, ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ‘ಬೆಂಗಳೂರ ಕಾಳಗ’ದ ಉಲ್ಲೇಖವಿದೆ, ಊರಿನ ಹೆಸರಿಗೆ ನಮಗಿರುವ ಹಳೆಯ ಆಧಾರ ಅದು. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಬೆಂಗಳೂರು ಸೀಮೆಯ ಶಾಸನಗಳನ್ನು ಕೆಲವು ವರ್ಷಗಳಿಂದ 3ಡಿ ಸ್ಕ್ಯಾನ್ ಮಾಡಿ ಕಾಪಾಡುವ ಕೆಲಸದಲ್ಲಿ ತೊಡಗಿದೆ. ಸವೆದ ಕಲ್ಲಿನಲ್ಲಿ ಅಕ್ಷರ ಕಾಣಬೇಕಾದರೆ ಬೆಳಕು ಓರೆಯಾಗಿ ಬೀಳಬೇಕು. ದೇವಸ್ಥಾನದಲ್ಲಿ ಅದಕ್ಕೆ ಬೆಳಗಿನ ಅಥವಾ ಸಂಜೆಯ ಬಿಸಿಲಿಗೆ ಕಾಯಬೇಕು. 3ಡಿ ಪ್ರತಿಯಲ್ಲಿ ಕೈಯಲ್ಲಿರುವ ಬೆಳಕನ್ನು ಬೇಕಾದ ಕೋನಕ್ಕೆ ಸರಿಸುತ್ತ, ಕಲ್ಲಿನ ಸುತ್ತ ಸುತ್ತುತ್ತ, ಮುಖ ಹತ್ತಿರ ಒಯ್ದು ಒಂದೊಂದೇ ಅಕ್ಷರ ಓದಬಹುದು. ವಿಆರ್‌ಗೆ ಇದಕ್ಕಿಂತ ಸಾರ್ಥಕ ಬಳಕೆ ನನಗೆ ಬೇರೆ ತೋರುವುದಿಲ್ಲ. ಇಂಥ ಕೆಲಸಕ್ಕೆ ಪಿಕ್ಸೆಲ್‌ಗಳ ಲೆಕ್ಕ ನಿಜವಾಗಿ ಬೇಕು. ಗ್ಯಾಲಕ್ಸಿ ಎಕ್ಸ್‌ಆರ್‌ನ ಪ್ರತಿ ಕಣ್ಣಿಗೆ 3552×3840 ಮೈಕ್ರೊ ಓಎಲ್‌ಇಡಿ, ಕಪ್ಪು ಅಂದರೆ ಕಪ್ಪೇ. ಫ್ರೇಮ್‌ನದು 2160×2160 ಎಲ್‌ಸಿಡಿ, ಕ್ವೆಸ್ಟ್ 3ಕ್ಕಿಂತ ಹೆಚ್ಚೇನಿಲ್ಲ. ಸವೆದ ಅಕ್ಷರದ ಅಂಚು ಗ್ಯಾಲಕ್ಸಿಯಲ್ಲಿ ಮೂಡಿದಷ್ಟು ಫ್ರೇಮ್‌ನಲ್ಲಿ ಮೂಡದು. ಸ್ಯಾಮ್‌ಸಂಗ್ ಪರವಾಗಿ ಇನ್ನೊಂದು ಮಾತೂ ಇದೆ. ಅದರೊಳಗಿರುವುದು ಗೂಗಲ್‌ನ ಜೆಮಿನಿ. ಫೋನಿನಲ್ಲಿ ಜೆಮಿನಿ 2024ರಿಂದ ಕನ್ನಡದಲ್ಲಿ ಮಾತಾಡುತ್ತದೆ. ಮೆನು ಓದಲು ಕಷ್ಟಪಡುವ ಅಮ್ಮ ಹೆಡ್‌ಸೆಟ್ ಹಾಕಿಕೊಂಡು ಕನ್ನಡದಲ್ಲೇ ಕೇಳಿ ಬೇಕಾದ್ದನ್ನು ತೆರೆಸುವುದಾದರೆ, ಆ ಒಂದು ಗುಣ ಎಷ್ಟೋ ಪಿಕ್ಸೆಲ್‌ಗಳಿಗೆ ಸಮ.

ಇಷ್ಟಾದರೂ ನನ್ನ ಮನಸ್ಸು ಗ್ಯಾಲಕ್ಸಿಯ ಕಡೆ ವಾಲದಿರಲು ಕಾರಣ ಹಿಂದಿನ ಚರಿತ್ರೆ. ಸ್ಯಾಮ್‌ಸಂಗ್ 2015ರಲ್ಲಿ ಗೇರ್ ವಿಆರ್ ಮಾರಿತು, 2020ರಲ್ಲಿ ಅದರ ಸೇವೆಗಳನ್ನು ನಿಲ್ಲಿಸಿತು. ಗೂಗಲ್ 2016ರಲ್ಲಿ ಡೇಡ್ರೀಮ್ ತಂದಿತು, 2019ರಲ್ಲಿ ಕೈಬಿಟ್ಟಿತು. ಸ್ಯಾಮ್‌ಸಂಗ್‌ನ ಒಡಿಸ್ಸಿ ಹೆಡ್‌ಸೆಟ್ ಮೈಕ್ರೊಸಾಫ್ಟ್‌ನ ವಿಂಡೋಸ್ ಮಿಕ್ಸ್‌ಡ್ ರಿಯಾಲಿಟಿ ನಂಬಿಕೊಂಡಿತ್ತು. 2024ರ ವಿಂಡೋಸ್ 11ರ ಹೊಸ ಆವೃತ್ತಿ ಆ ಭಾಗವನ್ನೇ ತೆಗೆದುಹಾಕಿತು, ಚೆನ್ನಾಗಿದ್ದ ಯಂತ್ರಗಳು ಅಲ್ಲಿ ನಿರುಪಯುಕ್ತವಾದವು. ಮೆಟಾ ತನ್ನ 2019ರ ಮೊದಲ ಕ್ವೆಸ್ಟ್‌ಗೆ 2024ರಲ್ಲಿ ಭದ್ರತಾ ಅಪ್‌ಡೇಟ್ ನಿಲ್ಲಿಸಿತು. ಇಪ್ಪತ್ತು ವರ್ಷದ ಪ್ರೆಷರ್ ಕುಕ್ಕರ್‌ಗೂ ಗಾಂಧಿ ಬಜಾರಿನಲ್ಲಿ ಗ್ಯಾಸ್ಕೆಟ್ ಸಿಗುವ ಊರಿನಲ್ಲಿ, ಐದು ವರ್ಷಕ್ಕೆ ಕಸವಾಗುವ ವಸ್ತುವಿಗೆ ಒಂದೂವರೆ ಲಕ್ಷ ಕೊಡುವುದನ್ನು ನಾನು ಒಪ್ಪಲಾರೆ. 1,799 ಡಾಲರ್‌ನ ಗ್ಯಾಲಕ್ಸಿ ಎಕ್ಸ್‌ಆರ್ ಸುಂಕ ಸೇರುವ ಮೊದಲೇ ಅಷ್ಟಾಗುತ್ತದೆ, ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ಗೆ ಮತ್ತೆ 250 ಡಾಲರ್.

ವಾಲ್ವ್‌ನ ನಡವಳಿಕೆ ಬೇರೆ ಥರ. 2016ರ ಎಚ್‌ಟಿಸಿ ವೈವ್ ಇವತ್ತಿಗೂ ಅದರ ಸ್ಟೀಮ್‌ವಿಆರ್‌ನಲ್ಲಿ ಓಡುತ್ತದೆ. ಅದರ ಆನ್‌ಲೈನ್ ಆಟದಂಗಡಿ ಸ್ಟೀಮ್‌ನಲ್ಲಿ 2015ರಿಂದ ರೂಪಾಯಿ ಬೆಲೆ ಇದೆ. ಹತ್ತು ವರ್ಷದಲ್ಲಿ ಇಲ್ಲಿನ ಹುಡುಗರು ಕೊಂಡ ಆಟಗಳು, 2020ರ ‘ಹಾಫ್–ಲೈಫ್: ಅಲಿಕ್ಸ್’ ಸೇರಿ, ಹೆಡ್‌ಸೆಟ್ ಬದಲಾದರೂ ಅವರ ಖಾತೆಯಲ್ಲೇ ಇವೆ. ಫ್ರೇಮ್ ಒಳಗಿರುವುದು ಲಿನಕ್ಸ್ ಆಧಾರಿತ ಸ್ಟೀಮ್ ಓಎಸ್. ಅದೊಂದು ಕಂಪ್ಯೂಟರ್, ಬೇಕಾದ್ದನ್ನು ಹಾಕಿಕೊಳ್ಳಬಹುದು, ಮೈಕ್ರೊ ಎಸ್‌ಡಿ ಕಾರ್ಡಿಗೂ ಜಾಗವಿದೆ. ಕ್ವೆಸ್ಟ್‌ನಲ್ಲಿ ನಾವೇ ಬರೆದ ಪ್ರೋಗ್ರಾಂ ಓಡಿಸಬೇಕಾದರೂ ಮೊದಲು ಮೆಟಾದಲ್ಲಿ ಡೆವಲಪರ್ ಖಾತೆ ಮಾಡಿ, ಫೋನ್ ಆ್ಯಪ್‌ನಲ್ಲಿ ಡೆವಲಪರ್ ಮೋಡ್ ಒತ್ತಬೇಕು. ಬನಶಂಕರಿಯ ಸುತ್ತ ಪಿಇಎಸ್, ಬಿಎನ್‌ಎಂಐಟಿ, ಕುಮಾರಸ್ವಾಮಿ ಲೇಔಟಿನ ದಯಾನಂದ ಸಾಗರ್, ಹೀಗೆ ಎಂಜಿನಿಯರಿಂಗ್ ಕಾಲೇಜುಗಳಿಗೆ ಕೊರತೆಯಿಲ್ಲ. ಅನಿಮೇಶನ್, ಗೇಮಿಂಗ್, ವಿಆರ್‌ನಂಥ ಕ್ಷೇತ್ರಗಳಿಗೆಂದು ರಾಜ್ಯ ಸರ್ಕಾರ 2024–29ರ ಎವಿಜಿಸಿ–ಎಕ್ಸ್‌ಆರ್ ನೀತಿಯನ್ನೂ ತಂದಿದೆ. ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರಿನಲ್ಲಿ ವೀರಗಲ್ಲು ಕೂರಿಸಿ, ಗೊಡೋ ಗೇಮ್ ಎಂಜಿನ್‌ನಲ್ಲಿ ಅದಕ್ಕೆ ಬೆಳಕು ಕೊಟ್ಟು, ಸ್ನೇಹಿತರಿಗೆ ತೋರಿಸುವ ವಿದ್ಯಾರ್ಥಿಗೆ ಬೇಕಾದ್ದು ಯಾರನ್ನೂ ಕೇಳಬೇಕಿಲ್ಲದ ಯಂತ್ರ. ನನ್ನ ಎರಡನೇ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುವುದು ಫ್ರೇಮ್ ಒಂದೇ. ಅದರಿಂದಲೇ ಅದು ನನಗೆ ಎಲ್ಲಕ್ಕಿಂತ ಇಷ್ಟ.

ವೈರಿಲ್ಲದೆ ಪಿ.ಸಿ.ಯಿಂದ ಆಟ ತರಿಸಿಕೊಳ್ಳುವ ಬಗೆಯಲ್ಲೂ ಅದು ಒಂದು ಹೆಜ್ಜೆ ಮುಂದಿದೆ. ಕಣ್ಣು ಎತ್ತ ನೋಡುತ್ತಿದೆ ಎಂದು ಒಳಗಿನ ಕ್ಯಾಮೆರಾ ಗುರುತಿಸುತ್ತದೆ, ಪಿ.ಸಿ. ಅಷ್ಟು ಭಾಗವನ್ನು ಮಾತ್ರ ಪೂರ್ತಿ ಸ್ಪಷ್ಟವಾಗಿ ಕಳಿಸಿ, ಉಳಿದದ್ದನ್ನು ಹಗುರವಾಗಿ ಕಳಿಸುತ್ತದೆ. ಜೊತೆಗೆ ಬರುವ ಪುಟ್ಟ ಅಡಾಪ್ಟರ್ ಮನೆಯ ರೌಟರ್ ಬಿಟ್ಟು 6 ಗಿಗಾಹರ್ಟ್ಸ್‌ನಲ್ಲಿ ನೇರವಾಗಿ ಹೆಡ್‌ಸೆಟ್ ಜೊತೆ ಮಾತಾಡುತ್ತದೆ. ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ ವೈಫೈ ಪಟ್ಟಿ ತೆರೆದು ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ: ಮೇಲಿನ ಮನೆ, ಕೆಳಗಿನ ಮನೆ, ಪಕ್ಕದ ಮನೆಗಳ ರೌಟರ್‌ಗಳೆಲ್ಲ 5 ಗಿಗಾಹರ್ಟ್ಸ್‌ನಲ್ಲೇ ಕಿಕ್ಕಿರಿದಿರುತ್ತವೆ. 6 ಗಿಗಾಹರ್ಟ್ಸ್‌ನ ಕೆಳಗಿನ 500 ಮೆಗಾಹರ್ಟ್ಸ್ ಭಾಗವನ್ನು ಪರವಾನಗಿಯಿಂದ ಬಿಡಿಸುವ ಕರಡು ನಿಯಮವನ್ನು ಕೇಂದ್ರ ಸರ್ಕಾರ 2025ರ ಮೇನಲ್ಲಿ ಹೊರಡಿಸಿತು. ಆ ದಾರಿ ಇಂಥ ಯಂತ್ರಕ್ಕೆ ತೀರಾ ಮುಖ್ಯ.

ಮುಖ್ಯ ಅಡ್ಡಿ ವಾಲ್ವ್‌ನ ಕಡೆಯಿಂದಲೇ. ಅದು ತನ್ನ ಸ್ಟೀಮ್ ಡೆಕ್ ಅನ್ನು 2022ರಿಂದ ಮಾರುತ್ತಿದ್ದರೂ ಭಾರತಕ್ಕೆ ಅಧಿಕೃತವಾಗಿ ತರಲಿಲ್ಲ. ಇಲ್ಲಿಗೆ ಬಂದದ್ದೆಲ್ಲ ಆಮದುದಾರರ ಕೈಯಿಂದ, ವಾರಂಟಿ ಇಲ್ಲದೆ, ಹೆಚ್ಚಿನ ಬೆಲೆಗೆ. ಫ್ರೇಮ್ ಕೂಡ ಅದೇ ದಾರಿಯಲ್ಲಿ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಬಂದರೆ ನಾನು ಕೊಳ್ಳುವುದಿಲ್ಲ. ಬ್ಯಾಟರಿಯೇ ತಲೆಪಟ್ಟಿಯೊಳಗಿರುವ ಯಂತ್ರ ಅದು. ಎರಡು ವರ್ಷದಲ್ಲಿ ಬ್ಯಾಟರಿ ಸೊರಗಿದರೆ ಬದಲಿ ಪಟ್ಟಿ ಕೊಡುವವರು ಊರಿನಲ್ಲಿ ಇರಬೇಕು. ರೂಪಾಯಿಯಲ್ಲಿ ಆಟ ಮಾರುವ ಕಂಪನಿ ರೂಪಾಯಿಯಲ್ಲೇ ಯಂತ್ರವನ್ನೂ ಮಾರಲಿ, ಬಿಡಿಭಾಗ ಕಳಿಸಲಿ. ಹಾಗೆ ಬಂದ ದಿನ ನನ್ನ ದುಡ್ಡು ಅದಕ್ಕೇ. ಮುಂದಿನ ಆವೃತ್ತಿಯಲ್ಲಿ ಲೆನ್ಸಿನ ಅಂತರ 60ರಿಂದ 56ಕ್ಕಾದರೂ ಇಳಿಯುವವರೆಗೆ ಕ್ವೆಸ್ಟ್ 3 ಅಮ್ಮನದಾಗಿ ಇರುತ್ತದೆ, ಬಾಲ್ಕನಿಯ ಬಿಸಿಲು ಲೆನ್ಸಿಗೆ ಬೀಳದ ಬೀರುವಿನ ಮೇಲಿನ ಖಾನೆಯಲ್ಲಿ.