‘ವಿಷಾದ’ ಶಬ್ದದ ಅರ್ಥವಿಚಾರ

ವಿಷಾದವೆಂಬ ಶಬ್ದವು ಈಗಿನ ಕನ್ನಡ ಗದ್ಯದಲ್ಲಿ, ವಿಶೇಷವಾಗಿ ಪತ್ರಿಕೆಗಳಲ್ಲಿ, ನಡೆದುಹೋದ ತಪ್ಪಿಗಾಗಿ ಪಡುವ ಖೇದವೆಂಬ ಅರ್ಥಕ್ಕೆ ಬಹುಮಟ್ಟಿಗೆ ಸಂಕುಚಿತವಾಗಿದೆ. ಈ ಅರ್ಥವನ್ನೇ ಹಿಡಿದು ಭಗವದ್ಗೀತೆಯ ಅರ್ಜುನವಿಷಾದಯೋಗವನ್ನು ಬೋಧಿಸಿದರೆ ಅರ್ಜುನನ ಅವಸ್ಥೆಯು ಪಶ್ಚಾತ್ತಾಪದಂತೆ ತೋರುವುದು. ಯುದ್ಧವೇ ಆರಂಭವಾಗದಿರಲು ಪಶ್ಚಾತ್ತಾಪಕ್ಕೆ ಅವಕಾಶವೆಲ್ಲಿ? ಆದುದರಿಂದ ಶಬ್ದದ ಮೂಲವನ್ನು ವಿಚಾರಿಸುವುದು ಅವಶ್ಯಕ.

ವಿಷವನ್ನು ತಿನ್ನುವವನು ವಿಷಾದಿಯೆಂದು ಶಿವಪರವಾಗಿ ಬಿಡಿಸುವುದು ಶ್ಲೇಷಕವಿಗಳ ಚಮತ್ಕಾರ. ವಿಷಾದಕ್ಕೂ ವಿಷಕ್ಕೂ ವಾಸ್ತವವಾದ ಸಂಬಂಧವಿಲ್ಲ. ‘ವಿ’ ಉಪಸರ್ಗಪೂರ್ವಕವಾದ ‘ಸದ್’ ಧಾತುವಿಗೆ ಘಞ್ ಪ್ರತ್ಯಯವು ಬಂದು ಈ ರೂಪವು ಸಿದ್ಧಿಸುತ್ತದೆ. ಇಕಾರಾಂತ ಉಪಸರ್ಗದ ಪರದಲ್ಲಿ, ‘ಪ್ರತಿ’ಯೊಂದನ್ನುಳಿದು, ಈ ಧಾತುವಿನ ಸಕಾರವು ಷಕಾರವಾಗುವುದೆಂದು ಪಾಣಿನಿಯ ವಿಧಿ. ಪ್ರಸಾದ, ಅವಸಾದಗಳಲ್ಲಿ ಆ ನಿಮಿತ್ತವಿಲ್ಲವಾಗಿ ಸಕಾರವೇ ನಿಂತಿದೆ. ಧಾತುಪಾಠವು ಹೇಳುವ ವಿಶರಣ, ಗತಿ, ಅವಸಾದನಗಳೆಂಬ ಮೂರು ಅರ್ಥಗಳಲ್ಲಿ ಇಲ್ಲಿಗೆ ಸಲ್ಲುವುದು ಕಡೆಯದು. ಎಂದರೆ ಕುಗ್ಗುವಿಕೆ, ಕುಸಿತ. ಗೀತೆಯೇ ಇದಕ್ಕೆ ಸಾಕ್ಷಿ. ‘ವಿಷೀದನ್’ ಆಗಿ ನುಡಿಯತೊಡಗಿದ ಅರ್ಜುನನು ತನ್ನ ಅಂಗಗಳ ಕುಸಿತವನ್ನು ‘ಸೀದಂತಿ’ ಎಂದು ಅದೇ ಧಾತುವಿನ ಕ್ರಿಯಾಪದದಿಂದ ಹೇಳುತ್ತಾನೆ.

ಇನ್ನು ವಿಷಾದವು ಸ್ವಭಾವವೋ ಅವಸ್ಥೆಯೋ ಎಂಬುದು ವಿಚಾರ್ಯ. ಸಾಂಖ್ಯಕಾರಿಕೆಯು ಅದನ್ನು ತಮೋಗುಣದ ಸ್ವರೂಪವೆನ್ನುತ್ತದೆ. ಗೀತೆಯ 18ನೆಯ ಅಧ್ಯಾಯವು ‘ವಿಷಾದೀ’ ಎಂಬುದನ್ನು ತಾಮಸಕರ್ತೃವಿನ ಲಕ್ಷಣಗಳಲ್ಲಿ ಎಣಿಸಿದೆ. ಇಲ್ಲಿ ಶಬ್ದವು ಸ್ವಭಾವವಾಚಕ. ನಾಟ್ಯಶಾಸ್ತ್ರದಲ್ಲಾದರೋ ವಿಷಾದವು 33 ವ್ಯಭಿಚಾರಿಭಾವಗಳಲ್ಲೊಂದು, ಬಂದು ಹೋಗತಕ್ಕದ್ದು. ಇವೆರಡನ್ನೂ ಬೆರೆಸಿ, ವಿಷಾದಗೊಂಡ ಅರ್ಜುನನು ತಾಮಸಸ್ವಭಾವದವನೆಂದು ಹೇಳುವುದು ಯುಕ್ತವಲ್ಲ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಭರತನು ಸಹಾಯಾನ್ವೇಷಣ, ಉಪಾಯಚಿಂತನಗಳನ್ನು ಉತ್ತಮಮಧ್ಯಮರ ವಿಷಾದಕ್ಕೂ, ಬಾಯಿ ಒಣಗುವಿಕೆಯನ್ನು ಅಧಮರ ವಿಷಾದಕ್ಕೂ ಅನುಭಾವಗಳಾಗಿ ಹೇಳಿದ್ದಾನೆ. ಅರ್ಜುನನ ಬಾಯಿಯೂ ಒಣಗಿತಷ್ಟೆ? ಒಣಗಿತು, ನಿಜ. ಆದರೆ ಅವನು ಅಷ್ಟಕ್ಕೇ ನಿಲ್ಲದೆ 2ನೆಯ ಅಧ್ಯಾಯದಲ್ಲಿ ಶಿಷ್ಯನಾಗಿ ಶ್ರೀಕೃಷ್ಣನಿಗೆ ಶರಣು ಬಂದು ಶ್ರೇಯಸ್ಸಿನ ಮಾರ್ಗವನ್ನು ಬೇಡುತ್ತಾನೆ. ಶರೀರವು ಅಧಮನಂತೆ ಕುಸಿದರೂ ಬುದ್ಧಿಯು ಉತ್ತಮನಂತೆ ಸಹಾಯವನ್ನರಸಿತು. ಸ್ವಭಾವವನ್ನು ನಿರ್ಣಯಿಸಬೇಕಾದುದು ಕುಸಿತದಿಂದಲ್ಲ, ಕುಸಿದವನು ಮುಂದೆ ಮಾಡಿದುದರಿಂದ.

ಕಡೆಗೆ ತನ್ನ ಮೋಹವು ನಷ್ಟವಾದುದು ಶ್ರೀಕೃಷ್ಣನ ‘ಪ್ರಸಾದ’ದಿಂದ ಎಂದು ಅರ್ಜುನನು ಹೇಳುತ್ತಾನೆ. ಆ ಶಬ್ದವೂ ‘ಸದ್’ ಧಾತುವಿನದೇ. ಕುಸಿದ ಮನಸ್ಸು ತಿಳಿಯಾಗಿ ನೆಲೆನಿಂತಿತೆಂಬ ಈ ಸ್ವಾರಸ್ಯವು ವಿಷಾದವನ್ನು ಖೇದವೆಂದೆಣಿಸಿದವರಿಗೆ ದೊರೆಯದು. ರೂಢಿಯ ಅರ್ಥವು ರೂಢಿಯಲ್ಲಿ ಇರಲಿ. ಪ್ರಾಚೀನ ಗ್ರಂಥಗಳನ್ನು ಓದುವಾಗ ಅದನ್ನು ಆರೋಪಿಸಲಾಗದು.