ಮೆಚ್ಚಿದ ಚಿತ್ರ, ಮರೆತ ಹೆಸರು: ಜಗನ್ಮೋಹನ ಚಿತ್ರಶಾಲೆ ಮತ್ತು ಮೈಸೂರಿನ ಕಲಾಭಿರುಚಿ

ಒಂದು ನಗರದ ಕಲಾಭಿರುಚಿಯನ್ನು ಅರಿಯಲು ಎರಡು ಮಾರ್ಗಗಳಿವೆ. ಆ ನಗರದಲ್ಲಿ ಯಾವ ಚಿತ್ರಗಳು ರಚಿತವಾದವು ಎಂಬುದನ್ನು ಪರಿಶೀಲಿಸುವುದು ಒಂದು. ಅಲ್ಲಿಯ ಜನ ಯಾವ ಚಿತ್ರಗಳ ಮುಂದೆ ಹೆಚ್ಚು ಹೊತ್ತು ನಿಂತರು ಎಂಬುದನ್ನು ಗಮನಿಸುವುದು ಇನ್ನೊಂದು. ಮೈಸೂರಿನ ಚಿತ್ರಕಲೆಯನ್ನು ಕುರಿತ ಬರವಣಿಗೆಯಲ್ಲಿ ಮೊದಲನೆಯ ಮಾರ್ಗವೇ ಪ್ರಧಾನವಾಗಿದೆ. ಎರಡನೆಯದು ಪ್ರವಾಸಿ ಕೈಪಿಡಿಗಳ ಪಾಲಾಗಿದೆ. ಆದರೆ ತಿರುವಾಂಕೂರು, ಮುಂಬಯಿ, ಕಲ್ಕತ್ತ, ರಷ್ಯಾ ಮೊದಲಾದ ಕಡೆಗಳಿಂದ ಬಂದ ಕಲಾವಿದರನ್ನು ತನ್ನವರೆಂದೇ ಭಾವಿಸಿದ ಊರಿನಲ್ಲಿ ಮೆಚ್ಚುಗೆಯ ಚರಿತ್ರೆಯೂ ಕಲೆಯ ಚರಿತ್ರೆಯ ಒಂದು ಭಾಗವೇ ಆಗುತ್ತದೆ. ಆ ಚರಿತ್ರೆಯ ಮುಖ್ಯ ಆಕರ ಜಗನ್ಮೋಹನ ಅರಮನೆಯ ಚಿತ್ರಶಾಲೆ.

ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ ಈ ಅರಮನೆ, 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ಬಳಿಕ 1912ರವರೆಗೆ ರಾಜಮನೆತನದ ವಾಸಸ್ಥಾನವಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಅಧಿಕಾರ ಸ್ವೀಕಾರ ಸಮಾರಂಭ 1902ರಲ್ಲಿ ನಡೆದದ್ದು ಇಲ್ಲಿಯೇ. 1915ರಲ್ಲಿ ಇದು ಚಿತ್ರಶಾಲೆಯಾಯಿತು. 1955ರಲ್ಲಿ ಶ್ರೀ ಜಯಚಾಮರಾಜೇಂದ್ರ ಆರ್ಟ್ ಗ್ಯಾಲರಿ ಎಂಬ ಹೆಸರು ಪಡೆಯಿತು. ಐರಿಷ್ ಕವಿ, ಕಲಾಚಿಂತಕ ಜೇಮ್ಸ್ ಕಸಿನ್ಸ್ 1920ರ ದಶಕದಲ್ಲಿ ನೀಡಿದ ಸಲಹೆಯಿಂದ ಆಧುನಿಕ ಭಾರತೀಯ ಚಿತ್ರಗಳಿಗೂ ಇಲ್ಲಿ ಸ್ಥಾನ ದೊರೆಯಿತು. ಹೀಗೆ ಅರಮನೆಯವರ ಆಯ್ಕೆಯಿಂದ ಬೆಳೆದ ಸಂಗ್ರಹ ಕ್ರಮೇಣ ಸಾರ್ವಜನಿಕರ ಮೆಚ್ಚುಗೆಯ ತಾಣವಾಯಿತು. ಆಯ್ಕೆ ಅರಸರದು, ಮೆಚ್ಚುಗೆ ಜನರದು. ಇವೆರಡೂ ಒಂದೇ ಅಲ್ಲ ಎಂಬುದನ್ನು ಆರಂಭದಲ್ಲಿಯೇ ಗುರುತಿಸಬೇಕಾಗುತ್ತದೆ.

1. ರವಿವರ್ಮ: ಒಂದು ಹೆಸರಿನ ವ್ಯಾಪ್ತಿ

ಮೈಸೂರಿಗೂ ರಾಜಾ ರವಿವರ್ಮನಿಗೂ (1848–1906) ಇದ್ದ ಸಂಬಂಧ ಎರಡು ತಲೆಮಾರುಗಳದು. ಹತ್ತನೆಯ ಚಾಮರಾಜೇಂದ್ರ ಒಡೆಯರು 1885ರಲ್ಲಿ ರಾಜಕುಟುಂಬದ ಭಾವಚಿತ್ರಗಳಿಗಾಗಿ ಆತನನ್ನು ಬರಮಾಡಿಕೊಂಡರು. ಅವರ ಮಗ ನಾಲ್ವಡಿಯವರು ಹೊಸ ಅರಮನೆಗಾಗಿ ಒಂಬತ್ತು ಪೌರಾಣಿಕ ಚಿತ್ರಗಳನ್ನು ಬರೆಯಿಸಿದರು. ಕಲಾವಿದನ ಬದುಕಿನ ಕೊನೆಯ ದೊಡ್ಡ ಕಾರ್ಯ ಅದು. ಯೂರೋಪಿನ ಚಿತ್ರಕಾರ ಥಿಯೋಡರ್ ಜೆನ್ಸನ್ ತಿರುವಾಂಕೂರಿನ ಆಸ್ಥಾನದಲ್ಲಿ ಕೆಲಸ ಮಾಡುತ್ತಿದ್ದಾಗ ನೋಡಿ ಕಲಿತ ತೈಲವರ್ಣದ ವಿಧಾನವನ್ನು ರವಿವರ್ಮ ರಾಮಾಯಣದ ಪ್ರಸಂಗಗಳಿಗೆ ಅನ್ವಯಿಸಿದ. ಸಮುದ್ರರಾಜನ ಗರ್ವಭಂಗ, ಜಟಾಯುವಧೆಯಂತಹ ಕೃತಿಗಳಲ್ಲಿ ಪುರಾಣದ ಕ್ಷಣ ರಂಗಭೂಮಿಯ ದೃಶ್ಯದಂತೆ ನಿಲ್ಲುತ್ತದೆ. ಯಕ್ಷಗಾನ, ಹರಿಕಥೆ, ಕಂಪನಿ ನಾಟಕಗಳನ್ನು ಬಲ್ಲ ಪ್ರೇಕ್ಷಕನಿಗೆ ಈ ಭಾಷೆ ಅಪರಿಚಿತವಾಗಿರಲಿಲ್ಲ.

ಈ ಸಂಗ್ರಹದಲ್ಲಿಯೇ ಇರುವ, 1889ರ ಸುಮಾರಿನ 'ಗ್ಯಾಲಕ್ಸಿ ಆಫ್ ಮ್ಯುಸಿಷಿಯನ್ಸ್' ಎಂಬ ಚಿತ್ರ ಇನ್ನೊಂದು ಬಗೆಯದು. ಹನ್ನೊಂದು ಮಂದಿ ಸ್ತ್ರೀಯರು ಬೇರೆ ಬೇರೆ ಪ್ರಾಂತಗಳ ಉಡುಗೆಯಲ್ಲಿ ಒಂದೇ ಚೌಕಟ್ಟಿನೊಳಗೆ ಸೇರಿದ್ದಾರೆ. ಆದರೆ ಒಬ್ಬಳ ನೋಟ ಇನ್ನೊಬ್ಬಳ ನೋಟವನ್ನು ಸಂಧಿಸುವುದಿಲ್ಲ. ವಾದ್ಯಗಳಿದ್ದರೂ ಅವರು ಒಂದು ಮೇಳವಾಗಿ ನುಡಿಸುತ್ತಿದ್ದಾರೆ ಎನಿಸುವುದಿಲ್ಲ. ಅವರನ್ನು ಒಟ್ಟುಗೂಡಿಸುವ ಕೆಲಸ ಚಿತ್ರದ ಹೊರಗೆ ನಿಂತ ನೋಡುಗನದು. ಚಿತ್ರಶಾಲೆಯ ಸ್ವರೂಪವೂ ಹೀಗೆಯೇ ಇದೆ. ನಾನಾ ದೇಶಗಳ, ನಾನಾ ಪಂಥಗಳ ಕೃತಿಗಳು ಒಂದೇ ಸೂರಿನ ಕೆಳಗಿವೆ. ಅವುಗಳ ನಡುವಣ ಸಂವಾದವನ್ನು ನೋಡುಗನೇ ಏರ್ಪಡಿಸಿಕೊಳ್ಳಬೇಕು. ಮೈಸೂರಿನ ನೋಡುಗ ಅದನ್ನು ಏರ್ಪಡಿಸಿಕೊಂಡ ಬಗೆಯೇ ಇಲ್ಲಿಯ ಮುಖ್ಯ ಪ್ರಶ್ನೆ.

ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಶಿಲಾಮುದ್ರಣಾಲಯ ಆತನ ಹೆಸರನ್ನು ಮನೆ ಮನೆಗೆ ತಲುಪಿಸಿತು. ಜರ್ಮನಿಯ ತಂತ್ರಜ್ಞ ಫ್ರಿಟ್ಜ್ ಶ್ಲೈಶರ್ ಅದನ್ನು ವಹಿಸಿಕೊಂಡ ಮೇಲೂ ಲಕ್ಷ್ಮಿ, ಸರಸ್ವತಿಯರ ಮುದ್ರಿತ ಪಟಗಳು ಹರಡುತ್ತಲೇ ಹೋದವು. ಇದರ ಫಲವಾಗಿ 'ರವಿವರ್ಮ' ಎಂಬುದು ಒಬ್ಬ ವ್ಯಕ್ತಿಯ ಹೆಸರಾಗಿ ಉಳಿಯದೆ ಒಂದು ಜಾತಿಯ ಚಿತ್ರಗಳ ಹೆಸರಾಯಿತು. ಸೀರೆಯುಟ್ಟ ಸುಂದರ ಸ್ತ್ರೀ, ನಯವಾದ ನೆರಳು ಬೆಳಕು, ಮೈದುಂಬಿದ ವಾಸ್ತವತೆ ಇಷ್ಟು ಕಂಡರೆ ಸಾಕು, ಅದು ರವಿವರ್ಮನದು ಎಂಬ ತೀರ್ಮಾನ ತಾನಾಗಿ ಬರುತ್ತಿತ್ತು.

2. ದೀಪ ಹಿಡಿದ ಹೆಂಗಸು

ಈ ತೀರ್ಮಾನಕ್ಕೆ ಬಲಿಯಾದದ್ದು ಚಿತ್ರಶಾಲೆಯ ಅತ್ಯಂತ ಜನಪ್ರಿಯ ಕೃತಿ. ಒಬ್ಬ ತರುಣಿ ಒಂದು ಕೈಯಲ್ಲಿ ದೀಪ ಹಿಡಿದು, ಗಾಳಿಗೆ ಆರದಂತೆ ಇನ್ನೊಂದು ಕೈಯನ್ನು ಮರೆಮಾಡಿ ನಿಂತಿದ್ದಾಳೆ. ಬೆರಳುಗಳ ಮೂಲಕ ಬೆಳಕು ಕೆಂಪಾಗಿ ಹೊಮ್ಮುತ್ತದೆ. ಮುಖ, ಕುತ್ತಿಗೆ, ಸೀರೆಯ ನೆರಿಗೆಗಳು ಆ ಒಂದೇ ಬೆಳಕಿನಿಂದ ರೂಪ ಪಡೆಯುತ್ತವೆ. 'ಗ್ಲೋ ಆಫ್ ಹೋಪ್' ಎಂಬ ಹೆಸರಿನ ಈ ಚಿತ್ರವನ್ನು ಬರೆದವರು ಸಾವಂತವಾಡಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಕಲಾಶಾಲೆಯನ್ನು ನಡೆಸಿದ ಎಸ್.ಎಲ್. ಹಲ್ದಣಕರ್ (1882–1968). ರಚನೆಯ ಕಾಲ 1945–46. ಕಲಾವಿದರ ಮಗಳೇ ರೂಪದರ್ಶಿ. ಮೈಸೂರು ದಸರಾ ವಸ್ತುಪ್ರದರ್ಶನದಲ್ಲಿ ಬಹುಮಾನ ಪಡೆದ ಕೃತಿ ಇದು. ಆದರೂ ದಶಕಗಳ ಕಾಲ ಅಸಂಖ್ಯ ನೋಡುಗರು ಇದನ್ನು ರವಿವರ್ಮನ ಚಿತ್ರವೆಂದೇ ನಂಬಿದರು. ರವಿವರ್ಮ ತೀರಿಕೊಂಡು ಸುಮಾರು ನಾಲ್ಕು ದಶಕಗಳಾದ ಮೇಲೆ ಹುಟ್ಟಿದ ಚಿತ್ರಕ್ಕೆ ಅವನ ಹೆಸರು ಅಂಟಿಕೊಂಡಿತು.

ಈ ತಪ್ಪು ಕೇವಲ ಮಾಹಿತಿಯ ತಪ್ಪಲ್ಲ; ನೋಟದ ತಪ್ಪೂ ಹೌದು. ರವಿವರ್ಮನ ಮಾಧ್ಯಮ ತೈಲವರ್ಣ. ಅಲ್ಲಿ ಕಡುಬಣ್ಣದ ಮೇಲೆ ತಿಳಿಬಣ್ಣವನ್ನು ಏರಿಸಿ ಬೆಳಕನ್ನು ಸಾಧಿಸಬಹುದು. ಹಲ್ದಣಕರ್ ಅವರ ಕೃತಿ ಜಲವರ್ಣದ್ದು. ಪಾರದರ್ಶಕ ಜಲವರ್ಣದ ಕ್ರಮದಲ್ಲಿ ಬೆಳಕೆಂದರೆ ಕಾಗದವೇ. ಎಲ್ಲಿ ಬೆಳಕು ಬೇಕೋ ಅಲ್ಲಿ ಮೊದಲಿನಿಂದಲೂ ಕಾಗದವನ್ನು ಕಾಯ್ದುಕೊಳ್ಳಬೇಕು. ಒಮ್ಮೆ ಮುಚ್ಚಿಹೋದ ಬೆಳಕನ್ನು ಮರಳಿ ತರುವುದು ಕಷ್ಟ. ಚಿತ್ರದೊಳಗಿನ ತರುಣಿ ದೀಪವನ್ನು ಹೇಗೆ ಕೈಯಿಂದ ಕಾಯುತ್ತಿದ್ದಾಳೋ ಕಲಾವಿದನೂ ಹಾಗೆಯೇ ಬೆಳಕನ್ನು ಕಾದಿದ್ದಾನೆ. ವಸ್ತುವಿಗೂ ಮಾಧ್ಯಮಕ್ಕೂ ಇರುವ ಈ ಹೊಂದಿಕೆಯೇ ಕೃತಿಯ ನಿಜವಾದ ಸಾಧನೆ. ರವಿವರ್ಮನ ಹೆಸರಿನಲ್ಲಿ ನೋಡಿದವನಿಗೆ ಈ ಸಾಧನೆ ಕಾಣದೆ ಹೋಗುತ್ತದೆ. ಹೆಸರು ತಪ್ಪಿದರೆ ಮಾಧ್ಯಮ ತಪ್ಪುತ್ತದೆ. ಮಾಧ್ಯಮ ತಪ್ಪಿದರೆ ಮೆಚ್ಚುಗೆಯ ಕಾರಣವೂ ತಪ್ಪುತ್ತದೆ.

ಯೂರೋಪಿನಲ್ಲಿ ಇದಕ್ಕೆ ಹತ್ತಿರದ ನಿದರ್ಶನವೊಂದಿದೆ. ಹದಿನೇಳನೆಯ ಶತಮಾನದ ಫ್ರೆಂಚ್ ಕಲಾವಿದ ಜಾರ್ಜ್ ದ ಲಾ ತೂರ್ (1593–1652) ಮೇಣದ ಬತ್ತಿಯ ಬೆಳಕಿನ ಚಿತ್ರಗಳಿಗೆ ಇಂದು ಪ್ರಸಿದ್ಧ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ, ಬಡಗಿ ಜೋಸೆಫನನ್ನು ಕುರಿತ ಆತನ ಚಿತ್ರದಲ್ಲಿ ಬಾಲ ಯೇಸು ಬತ್ತಿಗೆ ಕೈ ಅಡ್ಡ ಹಿಡಿದಿದ್ದಾನೆ. ಬೆರಳುಗಳ ಮಾಂಸದೊಳಗಿಂದ ಬೆಳಕು ಹಾಯುತ್ತದೆ. ಈ ಮಹಾ ಕಲಾವಿದ ಮರಣಾನಂತರ ಸಂಪೂರ್ಣವಾಗಿ ಮರೆಯಾಗಿದ್ದ. ಆತನ ಕೃತಿಗಳು ಹೊಂಟ್‌ಹೋರ್ಸ್ಟ್, ಲ ನೈನ್ ಸೋದರರು ಮೊದಲಾದವರ ಲೆಕ್ಕಕ್ಕೆ ಸೇರಿದ್ದವು. ಜರ್ಮನ್ ವಿದ್ವಾಂಸ ಹೆರ್ಮಾನ್ ಫಾಸ್ 1915ರಲ್ಲಿ ಕೆಲವು ಚಿತ್ರಗಳನ್ನು ಗುರುತಿಸಿ ಆತನಿಗೆ ಹಿಂತಿರುಗಿಸಿದ ಮೇಲೆಯೇ ಲಾ ತೂರ್ ಮತ್ತೆ ಹುಟ್ಟಿದ. ಜಗನ್ಮೋಹನ ಅರಮನೆ ಚಿತ್ರಶಾಲೆಯಾದದ್ದೂ ಅದೇ ವರ್ಷ ಎಂಬುದು ಆಕಸ್ಮಿಕ. ಆದರೆ ಅದರಿಂದ ಹೊರಡುವ ಪಾಠ ಆಕಸ್ಮಿಕವಲ್ಲ. ಮೆಚ್ಚುಗೆ ಮಾತ್ರದಿಂದ ಕಲಾವಿದ ಉಳಿಯುವುದಿಲ್ಲ. ಗುರುತಿಸುವ ಸಂಶೋಧನೆಯಿಂದ ಉಳಿಯುತ್ತಾನೆ.

3. ಬೆಳಕನ್ನು ಬಲ್ಲ ನೋಡುಗ

ಸಾವಿರಾರು ಚಿತ್ರಗಳ ನಡುವೆ ಮೈಸೂರು ಈ ದೀಪದ ಚಿತ್ರವನ್ನೇ ಏಕೆ ಆರಿಸಿಕೊಂಡಿತು? ಕತ್ತಲೆ ಮಾಡಿದ ಎಡೆಯಲ್ಲಿ ಅದನ್ನು ಪ್ರತ್ಯೇಕವಾಗಿ ತೋರಿಸುತ್ತಿದ್ದ ಕ್ರಮ ಒಂದು ಕಾರಣವಿರಬಹುದು. ಇನ್ನೂ ಆಳವಾದ ಕಾರಣ ಮೈಸೂರಿನ ಸಾಂಪ್ರದಾಯಿಕ ಚಿತ್ರಕಲೆಯಲ್ಲಿದೆ.

ಮೈಸೂರು ಶೈಲಿಯ ಚಿತ್ರಗಾರರು ಹಲಗೆಗೆ ಅಂಟಿಸಿದ ಕಾಗದದ ಮೇಲೆ, ಸುಟ್ಟ ಹುಣಿಸೆ ಕಡ್ಡಿಯಿಂದ ರೇಖೆ ಎಳೆದು, ಅಳಿಲಿನ ಕೂದಲಿನ ಕುಂಚದಿಂದ ಬಣ್ಣ ತುಂಬುತ್ತಿದ್ದರು. ಸಫೇದ, ರೇವಲಚಿನ್ನಿ, ಅಂಟು ಸೇರಿಸಿ ತಯಾರಿಸಿದ ಲೇಪದಿಂದ ಆಭರಣ, ಪ್ರಭಾವಳಿ, ಮಂಟಪಗಳನ್ನು ತುಸುವೇ ಉಬ್ಬಿಸಿ, ಅದರ ಮೇಲೆ ಚಿನ್ನದ ತೆಳುರೇಕು ಹೊದಿಸುತ್ತಿದ್ದರು. ತಂಜಾವೂರಿನ ದಪ್ಪ ಉಬ್ಬು, ಹರಳುಗಳಿಗೆ ಹೋಲಿಸಿದರೆ ಇದು ಮಿತವಾದ ಕೆಲಸ. ಈ ಚಿತ್ರಗಳಲ್ಲಿ ನೆರಳು ಬೆಳಕಿನ ಚಿತ್ರಣವಿಲ್ಲ. ಬೆಳಕು ಹೊರಗಿನಿಂದ, ದೇವರ ಮನೆಯ ಎಣ್ಣೆದೀಪದಿಂದ ಬರಬೇಕು. ದೀಪ ಅಲುಗಿದಂತೆ ಚಿನ್ನ ಮಿನುಗುತ್ತದೆ. ಆಗ ಚಿತ್ರ ಪೂರ್ಣವಾಗುತ್ತದೆ. ಹೀಗೆ ತಲೆಮಾರುಗಳಿಂದ ದೀಪದ ಮುಂದೆ ಚಿತ್ರವನ್ನು ನೋಡಿದವರಿಗೆ, ಚಿತ್ರದೊಳಗೇ ದೀಪವಿರುವ ಹಲ್ದಣಕರ್ ಅವರ ಕೃತಿ ಹೊಸದೂ ಆಗಿತ್ತು, ಹಳೆಯದೂ ಆಗಿತ್ತು. ಹೊರಗಿದ್ದ ದೀಪ ಒಳಗೆ ಬಂದಿತ್ತು.

ಇದೇ ಚಿತ್ರಶಾಲೆಯಲ್ಲಿರುವ ರಷ್ಯಾದ ನಿಕೊಲಾಸ್ ರೋರಿಕ್ (1874–1947) ಅವರ ಕೃತಿಗಳನ್ನು ಈ ಬೆನ್ನಲ್ಲಿಯೇ ನೋಡಬಹುದು. 1928ರಿಂದ ಕುಲು ಕಣಿವೆಯ ನಗ್ಗರದಲ್ಲಿ ನೆಲೆಸಿ ಹಿಮಾಲಯವನ್ನು ಟೆಂಪೆರಾ ವರ್ಣದಲ್ಲಿ ಬರೆದ ಅವರಲ್ಲಿ ದೀಪವೂ ಇಲ್ಲ, ಬೆಳಕಿನ ಮೂಲವನ್ನು ತೋರಿಸುವ ಅಗತ್ಯವೂ ಇಲ್ಲ. ಶಿಖರಗಳು ತಾವೇ ಬೆಳಗುತ್ತವೆ. ಸಮತಲವಾದ ಬಣ್ಣ, ಖಚಿತವಾದ ಅಂಚು, ಆಳದ ಭ್ರಮೆಯ ನಿರಾಕರಣೆ ಇವು ದೇಶಾಂತರದ ಕಲಾವಿದನ ಲಕ್ಷಣಗಳಾದರೂ ಮೈಸೂರು ಚಿತ್ರಗಾರನ ಕ್ರಮಕ್ಕೆ ರವಿವರ್ಮನ ತೈಲಕ್ಕಿಂತ ಹತ್ತಿರವಾಗಿವೆ. ಅವರ ಮಗ ಸ್ವೆಟೊಸ್ಲಾವ್ ರೋರಿಕ್ (1904–1993) ದೇವಿಕಾರಾಣಿಯವರೊಡನೆ ಬೆಂಗಳೂರಿನ ಬಳಿಯ ತಾತಗುಣಿಯಲ್ಲಿ ನೆಲೆಸಿದ್ದರಿಂದ ಈ ಹೆಸರು ಕನ್ನಡ ನಾಡಿಗೆ ಮನೆಯ ಹೆಸರಾಯಿತು.

4. ಚಿತ್ರಗಾರನ ಹೆಸರು

ತಿರುವಾಂಕೂರಿನ, ಮುಂಬಯಿಯ, ರಷ್ಯಾದ ಕಲಾವಿದರಿಗೆ ಹೆಸರುಗಳಿವೆ. ಅದೇ ಕಟ್ಟಡದ ಗೋಡೆಗಳ ಮೇಲೆ ಒಡೆಯರ ವಂಶವೃಕ್ಷವನ್ನೂ ದಸರಾ ಮೆರವಣಿಗೆಯನ್ನೂ ಬರೆದವರ, ಮುಮ್ಮಡಿಯವರ ಪರಿವಾರವನ್ನು ಕಮಲದ ದಳಗಳಲ್ಲಿ ಅಳವಡಿಸಿದ 'ಸಂತಾನಾಂಬುಜ'ವನ್ನು ರಚಿಸಿದವರ, 'ಶ್ರೀತತ್ತ್ವನಿಧಿ'ಯ ದೇವತಾರೂಪಗಳನ್ನು ಬಿಡಿಸಿದವರ ಹೆಸರುಗಳು ನೋಡುಗನ ನಾಲಗೆಯ ಮೇಲಿಲ್ಲ. ತಂಜಾವೂರು ಕೊಂಡಯ್ಯನವರಂತಹ ಒಂದೆರಡು ಹೆಸರುಗಳು ವಿದ್ವಾಂಸರ ವಲಯದಲ್ಲಿ ಉಳಿದಿವೆ. ಸಹಿ ಹಾಕದಿರುವುದು ಸಂಪ್ರದಾಯದ ವಿನಯ ಎಂದು ವಿವರಿಸುವುದು ರೂಢಿ. ಆದರೆ ಸಹಿ ಹಾಕಿದ ಹಲ್ದಣಕರ್ ಅವರ ಹೆಸರೂ ಜನಮನದಲ್ಲಿ ಉಳಿಯಲಿಲ್ಲವೆಂಬುದನ್ನು ನೆನೆದರೆ, ಈ ವಿವರಣೆ ಸಾಲದು. ಮರೆವು ಕಲಾವಿದನ ವಿನಯದ ಫಲವಲ್ಲ, ನೋಡುಗರ ಮತ್ತು ಸಂಗ್ರಹಕಾರರ ಅಲಕ್ಷ್ಯದ ಫಲ.

ಈ ಅಲಕ್ಷ್ಯವನ್ನು ಒಪ್ಪದೆ ನಿಂತವರು ಕೆ. ವೆಂಕಟಪ್ಪ (1886–1965). ಚಿತ್ರಗಾರ ಮನೆತನದಲ್ಲಿ ಹುಟ್ಟಿದ ಅವರನ್ನು ನಾಲ್ವಡಿಯವರು ಕಲ್ಕತ್ತದ ಸರ್ಕಾರಿ ಕಲಾಶಾಲೆಗೆ ಕಳುಹಿಸಿದರು. ಅಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ನಂದಲಾಲ ಬೋಸರ ಸಹಪಾಠಿಯಾಗಿ ಕಲಿತರು. ಅವನೀಂದ್ರರ ತೇವಲೇಪದ ವಿಧಾನದ ಹಿಂದೆ 1903ರಲ್ಲಿ ಕಲ್ಕತ್ತಕ್ಕೆ ಬಂದ ಜಪಾನಿನ ಯೊಕೊಯಾಮಾ ತೈಕಾನ್, ಹಿಶಿದಾ ಶುನ್ಸೊ ಅವರ ಪ್ರೇರಣೆಯಿತ್ತು. ಹೀಗೆ ಟೋಕಿಯೊದ ಒಂದು ರೀತಿ ಕಲ್ಕತ್ತದ ಮೂಲಕ ಮೈಸೂರಿನ ಚಿತ್ರಗಾರನ ಕೈಗೆ ಬಂತು. ಆದರೆ ಬಂಗಾಳದ ಅನುಯಾಯಿಗಳಲ್ಲಿ ಅನೇಕರನ್ನು ಕಾಡಿದ ಮಬ್ಬು ವೆಂಕಟಪ್ಪನವರಲ್ಲಿ ದೋಷವಾಗಲಿಲ್ಲ. ಉದಕಮಂಡಲ, ಕೊಡೈಕೆನಾಲ್‌ಗಳನ್ನು ಕುರಿತ ಅವರ ಜಲವರ್ಣಗಳಲ್ಲಿ ಮಂಜು ಮಂಜಾಗಿಯೇ ಇದೆ, ಮರದ ಎಲೆ ಎಲೆಯಾಗಿಯೇ ಇದೆ. ಕುಸುರಿಯ ಶಿಸ್ತು ಅವರಿಗೆ ಮನೆಯಿಂದ ಬಂದದ್ದು. ಪರದೇಶದ ವಿಧಾನವನ್ನು ಅವರು ಆ ಶಿಸ್ತಿಗೆ ಒಳಪಡಿಸಿದರು.

ಮೈಸೂರು ಅರಮನೆಗಾಗಿ ಅವರು ಕೈಗೊಂಡ ಗಾರೆಯ ಉಬ್ಬುಶಿಲ್ಪಗಳ ಕೆಲಸ 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಬಳಿಕ ನಿಂತುಹೋಯಿತು. ಸಂಭಾವನೆಯ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಇದನ್ನು ಕಲಾವಿದನ ಮುಂಗೋಪದ ಕಥೆಯಾಗಿ ಹೇಳುವವರುಂಟು. ವಾಸ್ತವವಾಗಿ, ಹೆಸರಿಲ್ಲದೆ ದುಡಿದ ಕುಲವೊಂದರಿಂದ ಬಂದವನು ತನ್ನ ಕೆಲಸಕ್ಕೆ ತನ್ನ ಹೆಸರೂ ಬೆಲೆಯೂ ಇರಬೇಕೆಂದು ಕೇಳಿದ ಸಂದರ್ಭ ಅದು. ಮೈಸೂರಿನ ಕಲಾಚರಿತ್ರೆಯಲ್ಲಿ ಅದಕ್ಕೆ ಸಲ್ಲಬೇಕಾದ ಸ್ಥಾನ ಸಂದಿಲ್ಲ. ಅವರ ಹೆಸರಿನ ಚಿತ್ರಶಾಲೆ ಎದ್ದದ್ದು ಬೆಂಗಳೂರಿನಲ್ಲಿ, ಅವರ ಮರಣಾನಂತರ.

ಒಟ್ಟಿನಲ್ಲಿ, ಜಗನ್ಮೋಹನ ಚಿತ್ರಶಾಲೆಯ ಗೋಡೆಗಳು ಮೈಸೂರಿನ ಔದಾರ್ಯಕ್ಕೂ ಮರೆವಿಗೂ ಏಕಕಾಲಕ್ಕೆ ಸಾಕ್ಷಿಯಾಗಿವೆ. ದೂರದಿಂದ ಬಂದದ್ದನ್ನು ಈ ನಗರ ಅನುಕರಣೆಯ ಆಸೆಯಿಂದ ಮೆಚ್ಚಲಿಲ್ಲ. ತನ್ನ ದೇವರ ಮನೆಯ ದೀಪದಲ್ಲಿ ಪಳಗಿದ ಕಣ್ಣಿನಿಂದ ಆರಿಸಿಕೊಂಡು ಮೆಚ್ಚಿತು. ಆ ಕಣ್ಣನ್ನು ಪಳಗಿಸಿದವರು ಅನಾಮಧೇಯ ಚಿತ್ರಗಾರರು. ಅವರ ಹೆಸರುಗಳನ್ನು ಅರಮನೆಯ ಕಡತ, ಲೆಕ್ಕಪತ್ರ, ಮನೆತನಗಳ ಸಂಗ್ರಹಗಳಿಂದ ಹುಡುಕಿ ತೆಗೆಯುವ ಕೆಲಸ ಆಗಬೇಕಾಗಿದೆ. ಪ್ರತಿ ಕೃತಿಯ ಕರ್ತೃ, ಮಾಧ್ಯಮ, ಕಾಲಗಳನ್ನು ಕನ್ನಡದಲ್ಲಿ ಖಚಿತವಾಗಿ ದಾಖಲಿಸಿದ ವಿವರಣಾತ್ಮಕ ಸೂಚಿ ಅದರ ಮೊದಲ ಹೆಜ್ಜೆಯಾಗಬಲ್ಲುದು. ಹಲ್ದಣಕರ್ ಅವರಿಗೆ ಅವರ ದೀಪವನ್ನು ಹಿಂತಿರುಗಿಸುವುದೂ ಚಿತ್ರಗಾರರಿಗೆ ಅವರ ಗೋಡೆಗಳನ್ನು ಹಿಂತಿರುಗಿಸುವುದೂ ಬೇರೆ ಬೇರೆ ಕೆಲಸಗಳಲ್ಲ.