ಸರದಿ ಮುರಿಯುವ ನ್ಯಾಯ

ಬೆಂಗಳೂರಿನ ಅಕ್ಕಿಪೇಟೆಯ ಸಗಟು ಔಷಧದಂಗಡಿಗಳಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿದೆ, 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆ. ಇಂಥ ದೊಡ್ಡ ಸರ್ಕಾರಿ ಆಸ್ಪತ್ರೆಗಳ ತುರ್ತು ವಿಭಾಗದ ಕಸುಬು ಮದ್ದಿಗಿಂತ ಮೊದಲು, ನೋಟದಲ್ಲೇ ಶುರುವಾಗುತ್ತದೆ. ಉಸಿರು, ನಾಡಿ, ಪ್ರಜ್ಞೆ ನೋಡಿ ರೋಗಿಯನ್ನು ಅಪಾಯದ ಮಟ್ಟಕ್ಕೆ ತಕ್ಕಂತೆ ಕೆಂಪು, ಹಳದಿ, ಹಸಿರು ಎಂದು ವಿಂಗಡಿಸುತ್ತಾರೆ. ಜೋರಾಗಿ ಚೀರುವವನ ಶ್ವಾಸನಾಳ ತೆರೆದಿದೆ ಎಂದರ್ಥ. ಮೂಲೆಯಲ್ಲಿ ಬೆವೆತು ಸುಮ್ಮನೆ ಮಲಗಿದವನೇ ಹೆಚ್ಚು ಅಪಾಯದಲ್ಲಿರಬಹುದು. ಮೊದಲು ಬಂದವರನ್ನು ಕಾಯಿಸುವುದು ಅನ್ಯಾಯವಲ್ಲವೇ ಎಂಬ ಆಕ್ಷೇಪವಿದೆ. ಮುರಿದ ಕೈ ಹಿಡಿದು ಕೂತವರ ನೋವು ಸುಳ್ಳಲ್ಲ, ಏಕೆ ಕಾಯಬೇಕೆಂದು ಅವರಿಗೆ ತಿಳಿಹೇಳಲೇಬೇಕು. ಆದರೆ ಬ್ಯಾಂಕಿನ ಸರದಿಯ ನ್ಯಾಯ ಇಲ್ಲಿ ಜೀವ ತೆಗೆದೀತು. ಕಾಯುತ್ತಿರುವವರನ್ನು ನರ್ಸ್ ಮತ್ತೆ ಮತ್ತೆ ನೋಡುವುದು ಅದಕ್ಕೇ: ಹಳದಿ ಯಾವ ಕ್ಷಣದಲ್ಲೂ ಕೆಂಪಾಗಬಹುದು.

ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲವೆಂದು 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಹಾಗಿರುವಾಗ ಕರ್ತವ್ಯ ಮಾಡುವ ಈ ಸಿಬ್ಬಂದಿಗೆ ಮೆಚ್ಚುಗೆ ಯಾಕೆ ಎಂದೂ ಕೇಳಬಹುದು. ಆದರೆ ಕಾನೂನು ಬಾಗಿಲು ತೆರೆಸುತ್ತದೆ, ಕೈಗೆ ಹದ ಕಲಿಸುವುದಿಲ್ಲ. ಅಪಘಾತದಲ್ಲಿ ಬೆನ್ನುಮೂಳೆಗೆ ಪೆಟ್ಟಾದವರನ್ನು ಮಗ್ಗುಲಿಗೆ ಹೊರಳಿಸುವುದನ್ನು ನೋಡಿ: ತಲೆ ಹಿಡಿದವರು ‘ಒಂದು, ಎರಡು, ಮೂರು’ ಎಂದಾಗ ಭುಜ, ಸೊಂಟ, ಕಾಲು ಹಿಡಿದವರೆಲ್ಲ ಒಟ್ಟಿಗೆ ತಿರುಗಿಸುತ್ತಾರೆ, ಕತ್ತು ಒಂದಿಷ್ಟೂ ತಿರುಚದಂತೆ. ಆ ಎಣಿಕೆಗೆ ಡಾಕ್ಟರೂ ವಾರ್ಡ್‌ಬಾಯೂ ಒಂದೇ.